ಹತ್ತು ಮನೆಯ ಬಟ್ಟೆಗೆ ಒಂದೇ ಗಂಟು

ಅಟ್ಟದ ಮೇಲಿನ ಹಳೆ ಬಟ್ಟೆಯ ಗಂಟು ವರ್ಷಕ್ಕೊಮ್ಮೆ ಕೆಳಗಿಳಿಯುತ್ತದೆ, ಸಾಮಾನ್ಯವಾಗಿ ಮಹಾನವಮಿಗೆ ಮುಂಚೆ ಮನೆಯ ಧೂಳು ಹೊಡೆಯುವ ದಿನ. ಬಿಚ್ಚುತ್ತಾರೆ, ಕೊಡವುತ್ತಾರೆ, ಒಂದೆರಡು ಸೀರೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಮತ್ತೆ ಕಟ್ಟಿ ಮೇಲಿಡುತ್ತಾರೆ. ಅಂಚು ಸವೆದ ಹತ್ತಿ ಸೀರೆ, ನಡುವೆ ಹರಿದ ಪಂಚೆ, ಮಕ್ಕಳಿಗೆ ಗಿಡ್ಡವಾದ ಲಂಗ, ದರ್ಜಿ ಅಂಗಡಿಯಿಂದ ಬಂದ ರವಿಕೆ ಚೂರು: ಯಾವುದನ್ನೂ ಎಸೆಯಲು ಮನಸ್ಸಿಲ್ಲ, ಯಾವುದಕ್ಕೂ ಸದ್ಯಕ್ಕೆ ಉಪಯೋಗವಿಲ್ಲ. ಇನ್ನೊಂದು ಟ್ರಂಕು ತಂದರೆ, ಬಣ್ಣಬಣ್ಣಕ್ಕೆ ಮಡಿಚಿಟ್ಟರೆ ಎಲ್ಲ ಸರಿಹೋದೀತು ಎಂದು ಮನೆಯಾಕೆ ಅಂದುಕೊಳ್ಳುತ್ತಾಳೆ. ಸರಿಹೋಗದಿದ್ದಾಗ ತನ್ನ ಶಿಸ್ತನ್ನೇ ದೂರಿಕೊಳ್ಳುತ್ತಾಳೆ. ಆಕೆಯ ತಪ್ಪು ಇದರಲ್ಲಿ ಏನೂ ಇಲ್ಲ. ಒಂದು ಮನೆಯ ಗಂಟು ಸ್ವಭಾವತಃ ಅಪೂರ್ಣ. ಅದು ಒಂದು ಕೌದಿಗೆ ಸಾಲುವುದಿಲ್ಲ, ಎಸೆಯುವಷ್ಟು ಕಡಿಮೆಯೂ ಅಲ್ಲ. ಹತ್ತು ಮನೆಯ ಗಂಟುಗಳು ಒಂದೇ ಜಗಲಿಯಲ್ಲಿ ಬಿಚ್ಚಿಕೊಂಡಾಗ ಮಾತ್ರ ಬಟ್ಟೆಗೆ ಕ್ರಮ ಬರುತ್ತದೆ, ಕೆಲಸಕ್ಕೆ ಗತಿ ಬರುತ್ತದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಂಥ ಊರಿನಲ್ಲಿ ಹೆಂಗಸರು ತಮ್ಮ ಬಟ್ಟೆಗಂಟನ್ನೂ ಹೊಲಿಗೆಯನ್ನೂ ಹಂಚಿಕೊಳ್ಳಬೇಕು ಎಂಬ ನನ್ನ ವಾದಕ್ಕೆ ಇದೇ ಬುಡ.

ಮೊದಲು ಲೆಕ್ಕ ಹಾಕೋಣ. ದೊಡ್ಡವರು ಹೊದೆಯುವ ಕೌದಿ ಎಂದರೆ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಮೂರು ಚದರ ಮೀಟರ್. ಮೇಲೊಂದು, ಕೆಳಗೊಂದು, ಒಳಗೆ ಮೂರು ಪದರ ಎಂದರೆ ಹದಿನೈದು ಚದರ ಮೀಟರ್ ಬಟ್ಟೆ ಬೇಕು. ಐದೂವರೆ ಮೀಟರಿನ ಸೀರೆ ಹೊಸದಾಗಿದ್ದಾಗ ಸುಮಾರು ಆರು ಚದರ ಮೀಟರ್ ಇರುತ್ತದೆ. ಹಿಮ್ಮಡಿ ತಾಗಿ ಹರಿದ ಅಂಚು, ಜಾಲರಿಯಂತಾದ ನಡುಭಾಗ ತೆಗೆದರೆ ಉಳಿಯುವುದು ನಾಲ್ಕು. ಅಂದರೆ ಒಂದು ಕೌದಿಗೆ ಕಡಿಮೆಯೆಂದರೂ ನಾಲ್ಕು ಹಳೆಯ ಹತ್ತಿ ಸೀರೆ. ದಿನವೂ ಸಿಂಥೆಟಿಕ್ ಸೀರೆಯನ್ನೋ ನೈಟಿಯನ್ನೋ ಉಡುವ ಇಂದಿನ ಮನೆಯಲ್ಲಿ ನಾಲ್ಕು ಹತ್ತಿ ಸೀರೆ ಹಳತಾಗಲು ವರ್ಷಗಳೇ ಬೇಕು, ಅಷ್ಟರಲ್ಲಿ ಮೊದಲನೆಯದು ಗಂಟಿನೊಳಗೇ ಮುಗ್ಗಿರುತ್ತದೆ. ಇನ್ನು ಹೊಲಿಗೆ. ಸಾಲಿನಿಂದ ಸಾಲಿಗೆ ಎರಡು ಸೆಂಟಿಮೀಟರ್ ಬಿಟ್ಟರೂ ಮೂರು ಚದರ ಮೀಟರಿನ ಮೇಲೆ ನೂರೈವತ್ತು ಮೀಟರ್ ಉದ್ದದ ಹೊಲಿಗೆ ಓಡಬೇಕು. ಸೂಜಿ ಒಮ್ಮೆ ಮುಳುಗಿ ಏಳುವುದಕ್ಕೆ ಒಂದು ಸೆಂಟಿಮೀಟರ್ ಎಂದರೆ ಹದಿನೈದು ಸಾವಿರ ಸಲ. ಸಾಲನ್ನು ಒತ್ತೊತ್ತಾಗಿ ಒಂದೇ ಸೆಂಟಿಮೀಟರಿಗೆ ತಂದರೆ ಮೂವತ್ತು ಸಾವಿರ. ಐದು ಪದರದ ಮೇಲೆ ಇಷ್ಟು ಸಲ ಸೂಜಿ ಒತ್ತುವ ಹೆಬ್ಬೆರಳು ಒಬ್ಬಳದೇ ಆಗಿದ್ದರೆ ಆ ಕೆಲಸ ಅರ್ಧಕ್ಕೆ ನಿಲ್ಲುವುದೇ ಸಹಜ. ಬಟ್ಟೆಯ ಅಳತೆಯಲ್ಲೂ ದುಡಿಮೆಯ ಅಳತೆಯಲ್ಲೂ ಕೌದಿ ಒಂದು ಮನೆಗಿಂತ ದೊಡ್ಡದು.

ಲಕ್ಕವಳ್ಳಿಯ ಹವೆ ಈ ಲೆಕ್ಕವನ್ನು ಇನ್ನೂ ಬಿಗಿಗೊಳಿಸುತ್ತದೆ. ಊರ ಪಕ್ಕದಲ್ಲೇ 186 ಅಡಿಯ ಭದ್ರಾ ಜಲಾಶಯ, ಬೆನ್ನಿಗೆ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯ. ದಕ್ಷಿಣಕ್ಕೆ ಹೋದರೆ ಕೆಮ್ಮಣ್ಣುಗುಂಡಿಯ ಮಳೆ, ಪೂರ್ವಕ್ಕೆ ಹೋದರೆ ಅಜ್ಜಂಪುರ ಮತ್ತು ಕಡೂರಿನ ಒಣ ಬಯಲು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಈ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಚಿಟ್ಟ ಬಟ್ಟೆ ಉಸಿರಾಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಒಳಗೇ ಉಳಿದು ಕಪ್ಪು ಬೂಷ್ಟಿನ ಚುಕ್ಕೆ ಬೀಳುತ್ತದೆ. ಗಂಜಿ ಹಾಕಿದ ಸೀರೆಯಾದರೆ ಬೆಳ್ಳಿಹುಳುವಿಗೆ ಊಟ. ಆದ್ದರಿಂದ ಇಲ್ಲಿ ಬಟ್ಟೆ ಕೂಡಿಡುವುದೇ ನಷ್ಟದ ಬಾಬ್ತು. ಮಳೆಗಾಲ ದಾಟಿಸಬೇಕಾದ ಪ್ರತಿ ತುಂಡೂ ಒಂದು ಜವಾಬ್ದಾರಿ. ಆದರೆ ಇದೇ ಊರಿಗೆ ಇನ್ನೊಂದು ಅನುಕೂಲವಿದೆ. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಫೆಬ್ರವರಿಯಿಂದ ಮೇ ತನಕ ಒಣ ಬಿಸಿಲೂ ಇರುತ್ತದೆ, ಮಧ್ಯಾಹ್ನಗಳಲ್ಲಿ ಸ್ವಲ್ಪ ಬಿಡುವೂ ಇರುತ್ತದೆ. ಆ ನಾಲ್ಕು ತಿಂಗಳಲ್ಲಿ ಎಲ್ಲರ ಗಂಟೂ ಹೊರಬಂದು ಹೊಲಿಗೆಯಾಗಿ ಮುಗಿದರೆ, ಮಳೆಗೆ ಉಳಿಯುವುದು ಸಂಗ್ರಹವಲ್ಲ, ಹೊದಿಕೆ.

ಊರಿನ ಜನರ ಕೂಡುವಿಕೆಯೂ ಇದಕ್ಕೆ ಒದಗಿಬರುವಂಥದ್ದು. ಅಣೆಕಟ್ಟೆಯ ಹಿನ್ನೀರಿಗೆ ನೆಲ ಬಿಟ್ಟವರು, ಕಟ್ಟುವ ಕೆಲಸಕ್ಕೆ ಬಂದವರು, ಈ ಶತಮಾನದ ಆರಂಭದಲ್ಲಿ ಅಭಯಾರಣ್ಯದೊಳಗಿನ ಹಳ್ಳಿಗಳನ್ನು ತೊರೆದು ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಗೊಂಡ ಕುಟುಂಬಗಳು, ಸುತ್ತಲಿನ ಲಂಬಾಣಿ ತಾಂಡಾಗಳವರು. ಒಬ್ಬೊಬ್ಬರ ಗಂಟಿನಲ್ಲೂ ಒಂದೊಂದು ಬಗೆಯ ಬಟ್ಟೆ. ಒಂದೇ ಮನೆಯ ಗಂಟು ಒಬ್ಬಳದೇ ಅಭಿರುಚಿ. ಅದರಲ್ಲಿ ತಿಳಿಬಣ್ಣವೇ ಇದ್ದರೆ ಕೌದಿ ಪೂರ್ತಿ ಪೇಲವ. ಪಕ್ಕದ ಮನೆಯ ಗಾಢ ಹಸಿರು ಬಂದು ಕೂತಾಗಲೇ ಈ ಮನೆಯ ತಿಳಿನೀಲಿಗೆ ಜೀವ.

ಇದು ಬರೀ ಊಹೆ ಎನ್ನುವವರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ನೋಡಬೇಕು. ಅಲ್ಲಿನ ಸಿದ್ದಿ ಹೆಂಗಸರು ತಾವು ಕವಂದ್ ಎಂದು ಕರೆಯುವ ಕೌದಿಯನ್ನು ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ಚೂರುಗಳನ್ನು ಮೊದಲೇ ಕತ್ತರಿಸಿ ಜೋಡಿಸಿಟ್ಟುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಕೈಗೆ ಸಿಕ್ಕ ತುಂಡು, ಅದರ ಪಕ್ಕಕ್ಕೆ ಹೊಂದುವ ಇನ್ನೊಂದು, ಅದರ ಮೇಲೆ ಇನ್ನೂ ಚಿಕ್ಕದೊಂದು. ಕೊನೆಗೆ ನಾಲ್ಕು ಮೂಲೆಗೆ ‘ಫುಲಾ’ ಎಂಬ ಮಡಿಕೆ ತುಂಡು ಇಟ್ಟರೇ ಕೆಲಸ ಪೂರ್ತಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದ್‌ಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೊಂಬರ್ಗ್ ಕೇಂದ್ರದಲ್ಲಿ ಅವು ಪ್ರದರ್ಶನಗೊಂಡವು. ನನಗೆ ಅವುಗಳಲ್ಲಿ ಮುಖ್ಯವಾಗಿ ಕಾಣುವುದು ಬಟ್ಟೆ ಸಂಗ್ರಹದ ಬಗೆಗಿನ ತಿಳಿವಳಿಕೆ. ಬಣ್ಣದ ಆಯ್ಕೆ ಹೊಲಿಯುವ ಹೊತ್ತಿನಲ್ಲಿ ಆಗುವುದರಿಂದ, ಮುಂಚೆಯೇ ಬಣ್ಣಕ್ಕೆ ತಕ್ಕಂತೆ ವಿಂಗಡಿಸಿಡುವ ಶ್ರಮ ವ್ಯರ್ಥ. ಗಂಟು ಬಾಯ್ತೆರೆದು ಮುಂದೆ ಹರಡಿರಬೇಕು, ತುಂಡುಗಳು ಕಣ್ಣಿಗೆ ಬೀಳುತ್ತಿರಬೇಕು, ಅಷ್ಟೇ.

ದೂರದ ಇನ್ನೊಂದು ಊರಿನ ಕಥೆಯೂ ಹತ್ತಿರದ್ದೇ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ನದಿಯೊಂದು ಮೂರು ಕಡೆ ಬಳಸಿರುವ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹರಿದ ಕೆಲಸದ ಬಟ್ಟೆಗಳಿಂದ ಹೊದಿಕೆ ಹೊಲಿಯುತ್ತಿದ್ದವರು. ನಾಗರಿಕ ಹಕ್ಕುಗಳ ಹೋರಾಟದ ನಡುವೆಯೇ, 1966ರಲ್ಲಿ, ಆ ಸೀಮೆಯಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಹೊಲಿಗೆ ಸಹಕಾರಿ ಸಂಘ ಹುಟ್ಟಿತು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ದಿಂಬಿನ ಹೊದಿಕೆ ಹೊಲಿದುಕೊಡುವ ಗುತ್ತಿಗೆ ಸಂಘಕ್ಕೆ ಸಿಕ್ಕಿತು. ಕತ್ತರಿಸಿ ಉಳಿದ ಕಾರ್ಡುರಾಯ್ ಚೂರುಗಳು ಮನೆಮನೆಗೆ ಹೋದವು; ಮುಂದೆ ಕಲಾ ಸಂಗ್ರಹಾಲಯಗಳ ಗೋಡೆ ಏರಿದ ಎಷ್ಟೋ ಹೊದಿಕೆಗಳು ಆ ಚೂರುಗಳಿಂದ ಆದವು. ಸಾಮಾನ್ಯ ಗಂಟೊಂದಿದ್ದರೆ ಬಟ್ಟೆ ಹೇಗೆ ಹರಿದಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ನಿದರ್ಶನ ಬೇಕಿಲ್ಲ. ಅಲ್ಲಿ ಇನ್ನೊಂದು ವಿವೇಕವೂ ಇತ್ತು. ಮೇಲುಪದರದ ತುಂಡು ಜೋಡಿಸುವುದನ್ನು ಹೆಚ್ಚಿನವರು ಒಬ್ಬೊಬ್ಬರೇ ಕೂತು ಮಾಡುತ್ತಿದ್ದರು, ಪದರಗಳನ್ನು ಕೂಡಿಸಿ ಹೊಲಿಯುವಾಗ ಜೊತೆಗೂಡುತ್ತಿದ್ದರು. ಎಲ್ಲವನ್ನೂ ಗುಂಪಿನಲ್ಲೇ ಮಾಡಬೇಕೆಂದು ಹಟ ಹಿಡಿದರೆ ಗುಂಪು ಉಳಿಯುವುದಿಲ್ಲ. ವಿಂಗಡಣೆ ಕೂಡಿ, ಬಣ್ಣದ ಜೋಡಣೆ ತನ್ನಿಚ್ಛೆಯಂತೆ ತಾನೊಬ್ಬಳೇ, ಹೊಲಿಗೆ ಮತ್ತೆ ಕೂಡಿ. ಈ ಹಂಚಿಕೆಯೇ ಲಕ್ಕವಳ್ಳಿಗೂ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ವಿಂಗಡಿಸುವುದು ಹೇಗೆ? ಬಣ್ಣವನ್ನು ಕೊನೆಗಿಟ್ಟು ತೂಕದಿಂದ ಶುರುಮಾಡಬೇಕು. ಸವೆದ ಸೀರೆ, ಪಂಚೆಯಂಥ ತೆಳುವಾದದ್ದು ಒಂದು ಕಡೆ, ಅಂಗಿ ಲಂಗದಂಥ ನಡುತೂಕದ್ದು ಒಂದು ಕಡೆ, ಜೀನ್ಸು, ಪರದೆಯಂಥ ದಪ್ಪದ್ದು ಬೇರೆ. ತೆಳುವಿನ ಪಕ್ಕಕ್ಕೆ ದಪ್ಪ ಹೊಲಿದರೆ ಒಗೆದಾಗ ದಪ್ಪದ್ದು ಎಳೆದು ತೆಳುವಿನದು ಹೊಲಿಗೆಯ ಗುಂಟ ಸೀಳುತ್ತದೆ. ಹೊಸ ಬಟ್ಟೆಯ ಪಕ್ಕದ ಹಳೆಯದಕ್ಕೂ ಇದೇ ಗತಿ. ತೂಕದ ನಂತರ ನೂಲು ಯಾವುದು ಎಂಬುದನ್ನು ನೋಡಬೇಕು. ಅಂಚಿನಿಂದ ಎರಡು ಎಳೆ ಕಿತ್ತು ದೀಪಕ್ಕೆ ಹಿಡಿದರೆ ಸಾಕು: ಹತ್ತಿ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ರೇಷ್ಮೆ ಮತ್ತು ಉಣ್ಣೆ ಸುಟ್ಟ ಕೂದಲಿನ ವಾಸನೆ ಬೀರುತ್ತವೆ. ಮಗುವಿನ ಹಾಸಿಗೆಗೆ, ಬೆವರುವ ರೋಗಿಗೆ ಹತ್ತಿಯೇ ಬೇಕು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಆದರೆ ಪಾಲಿಯೆಸ್ಟರನ್ನು ಹೊರಗಿಡಿ ಎಂದರೆ ಗಂಟೇ ಬರಿದಾದೀತು. 2023ರಲ್ಲಿ ಜಗತ್ತಿನಲ್ಲಿ ತಯಾರಾದ ಎಲ್ಲ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರೇ. ಪಾಲಿಯೆಸ್ಟರ್ ಸೀರೆಗಳಿಗೆ ಕಾಲೊರಸು, ದಿಂಬಿನ ಒಳತುಂಬು, ಚೀಲ, ಗಾಡಿಯ ಸೀಟಿನ ಹೊದಿಕೆ ಎಂದು ಬೇರೆ ದಾರಿಗಳಿವೆ. ಹತ್ತು ಮನೆಯದು ಸೇರಿದಾಗ ಆ ದಾರಿಗಳಿಗೂ ಸಾಕಷ್ಟು ಬಟ್ಟೆ ಸಿಗುತ್ತದೆ. ಮೂರನೆಯದು ಅಳತೆ. ಮೊಳಕ್ಕಿಂತ ದೊಡ್ಡದು ಒಳಪದರಕ್ಕೆ, ಗೇಣಿನಷ್ಟಿರುವುದು ಮೇಲಿನ ಚಿತ್ತಾರಕ್ಕೆ, ಅದಕ್ಕೂ ಚಿಕ್ಕದು ಮೂಲೆಗೆ ಮತ್ತು ತೇಪೆಗೆ. ಎಲ್ಲವನ್ನೂ ಬಿಸಿನೀರಲ್ಲಿ ಒಮ್ಮೆ ಒಗೆದು, ಬಣ್ಣ ಬಿಡುವುದನ್ನೂ ಕುಗ್ಗುವುದನ್ನೂ ಮುಗಿಸಿಕೊಂಡೇ ಗಂಟಿಗೆ ಸೇರಿಸಬೇಕು. ಇಡುವಾಗ ಹಳೆ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ, ಒಣಗಿದ ಬೇವಿನ ಸೊಪ್ಪನ್ನೋ ಲಕ್ಕಿ ಸೊಪ್ಪನ್ನೋ ನಡುವೆ ಹರಡಿದರಾಯಿತು. ನುಸಿಗುಳಿಗೆ ಮಾತ್ರ ಬೇಡ, ಎಳೆಗೂಸಿನ ಬಟ್ಟೆಗಂತೂ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ಆ ಗುಳಿಗೆಯ ನ್ಯಾಫ್ಥಲೀನಿನ ಆವಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಕೊರತೆ ಇದೆಯೆಂದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಇಂಥ ತಿಳಿವಳಿಕೆ ಒಬ್ಬಳಲ್ಲಿದ್ದರೆ ಒಂದು ಮಗು ಉಳಿದೀತು, ಜಗಲಿಯಲ್ಲಿ ಹರಡಿದರೆ ಊರಿನ ಮಕ್ಕಳೆಲ್ಲ ಉಳಿಯುತ್ತಾರೆ. ಕೂಡಿ ಹೊಲಿಯುವುದರಿಂದ ಸಿಗುವ ದೊಡ್ಡ ಲಾಭಗಳಲ್ಲಿ ಇದೂ ಒಂದು.

ತರೀಕೆರೆಯ ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಮೆತ್ತನೆಯ ಮಿಂಕ್ ರಗ್ಗು ಸಿಗುವಾಗ ಹದಿನೈದು ಸಾವಿರ ಸಲ ಸೂಜಿ ಚುಚ್ಚುವುದೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಚಳಿ ತಡೆಯುವುದೊಂದೇ ಗುರಿಯಾದರೆ ರಗ್ಗೇ ಸಾಕು, ಅದನ್ನು ಕೊಳ್ಳುವವರನ್ನು ಯಾರೂ ಆಕ್ಷೇಪಿಸಬೇಕಿಲ್ಲ. ಆದರೆ ರಗ್ಗು ಕೊಂಡ ಮಾತ್ರಕ್ಕೆ ಅಟ್ಟದ ಗಂಟು ಕರಗುವುದಿಲ್ಲ; ಅದು ಕೊನೆಗೆ ಹೋಗುವುದು ತಿಪ್ಪೆಗೆ, ಚಾನಲ್ ಏರಿಗೆ, ಇಲ್ಲವೇ ಒಲೆಗೆ. ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆ ತ್ಯಾಜ್ಯ ಸೇರುತ್ತದೆಂದು 2022ರ ಅಧ್ಯಯನವೊಂದು ಅಂದಾಜಿಸಿದೆ. ಪಾಣಿಪತ್ತಿನ ಕಾರ್ಖಾನೆಗಳು ಹಳೆ ಬಟ್ಟೆಯನ್ನು ಚಿಂದಿ ಮಾಡಿ ಮತ್ತೆ ನೂಲಾಗಿಸುತ್ತವೆ, ನಿಜ, ಆದರೆ ಲಕ್ಕವಳ್ಳಿಯ ಒಂದು ಗಂಟನ್ನು ಅಲ್ಲಿಗೆ ಒಯ್ಯುವವರಿಲ್ಲ. ಊರಿನ ಹಳೆ ಬಟ್ಟೆಗೆ ಊರಲ್ಲೇ ಬೆಲೆ ಕಟ್ಟುವ ಕೆಲಸವೆಂದರೆ ಇಂದಿಗೂ ಕೌದಿಯೇ. ಬಾಣಂತಿಗೆ, ಕೂಸಿಗೆ, ನೆಲದ ಮೇಲೆ ಮಲಗುವ ಮುದುಕರಿಗೆ ಒಗೆದಷ್ಟೂ ಮೆತ್ತಗಾಗುವ ಹತ್ತಿಯ ಹಾಸಿಗೆ ಬೇರೆ, ಬೆವರು ಕುಡಿಯದ ರಗ್ಗು ಬೇರೆ.

ಎರಡನೆಯ ಆಕ್ಷೇಪವನ್ನು ಜನ ಬಾಯಿಬಿಟ್ಟು ಹೇಳುವುದು ಕಡಿಮೆ, ಆದರೆ ತಡೆಯುವುದು ಅದೇ. ಇನ್ನೊಬ್ಬರು ಉಟ್ಟ ಬಟ್ಟೆ. ಯಾವ ಜಾತಿಯವರದ್ದೋ, ಸತ್ತವರದ್ದೋ, ಕಾಯಿಲೆಯವರದ್ದೋ. ಕಾಯಿಲೆಯ ಭಯಕ್ಕೆ ಬಿಸಿನೀರು, ಸೋಪು, ಎರಡು ದಿನದ ಬಿಸಿಲು ಉತ್ತರ. ಜಾತಿಯ ಭಯಕ್ಕೆ ಉತ್ತರವನ್ನು ನಮ್ಮ ಕೌದಿಯ ಚರಿತ್ರೆಯೇ ಕೊಟ್ಟಿದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಮನೆಮನೆಗೆ ಬಂದು ಕಟ್ಟೆಯ ಮೇಲೆ ಕೂತು ಕೌದಿ ಹೊಲಿದುಕೊಡುತ್ತಿದ್ದ ಹೆಂಗಸರು ಬಹುಪಾಲು ಆ ಮನೆಯ ಜಾತಿಯವರಾಗಿರಲಿಲ್ಲ. ಅವರ ಕೈ ಹಾಯದ ಎಳೆ ಆ ಹೊದಿಕೆಯಲ್ಲಿ ಇರಲಿಲ್ಲ, ಮನೆಯವರು ಅದನ್ನೇ ಹೊದ್ದು ಮಲಗಿದರು. ದುಡಿಯುವ ಕೈ ಒಪ್ಪಿಗೆ, ಉಟ್ಟ ಬಟ್ಟೆ ಮೈಲಿಗೆ ಎಂಬ ನಿಲುವಿಗೆ ಬುಡವೇ ಇಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಸೂಜಿಕಾಯಕದ ರಾಮಿತಂದೆ ಇದ್ದರು, ಬಟ್ಟೆ ಮಡಿಮಾಡುವ ಮಾಚಿದೇವರಿದ್ದರು, ನೇಯುವ ಜೇಡರ ದಾಸಿಮಯ್ಯನ ಪರಂಪರೆ ಅವರ ಬೆನ್ನಿಗಿತ್ತು. ನೂಲು, ಸೂಜಿ, ಒಗೆತ ಮೂರನ್ನೂ ಕಾಯಕವೆಂದು ಕಂಡ ನಾಡಿನಲ್ಲಿ ಹಲವು ಮನೆಯ ತುಂಡುಗಳು ಒಂದೇ ಹೊದಿಕೆಯಲ್ಲಿ ಸೇರುವುದಕ್ಕೆ ಹಿಂಜರಿಯಬಾರದು. ಸತ್ತವರ ಸೀರೆಯ ಮಾತು ಮಾತ್ರ ಬೇರೆ. ಅದನ್ನು ಕೊಡುವುದೂ ಬಿಡುವುದೂ ಆ ಮನೆಯ ಮನಸ್ಸಿಗೆ ಬಿಟ್ಟದ್ದು. ಕೊಟ್ಟರೆ ಸಾಮಾನ್ಯ ಗಂಟಿಗೆ ಹಾಕದೆ, ಆ ಮನೆಯವರಿಗೇ ಅದರಿಂದ ಏನಾದರೂ ಹೊಲಿದುಕೊಡುವುದು ಒಳ್ಳೆಯದು.

ಸಾಮಾನ್ಯ ಗಂಟು ಎಂದರೆ ಎಲ್ಲರ ಕಸದ ಬುಟ್ಟಿ ಆಗಿಬಿಡುತ್ತದೆ ಎಂಬ ಭಯಕ್ಕೂ ಆಧಾರವಿದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಬಂದುಬಿದ್ದ ಹಳೆ ಬಟ್ಟೆಯ ರಾಶಿಗಳು ಬಳಕೆಗೆ ಬಾರದೆ ರಸ್ತೆಬದಿಯಲ್ಲಿ ಕೊಳೆತವು. ಹಾಗೆ ಉಳಿದ ಬಟ್ಟೆಯನ್ನು ಕೈಗೆತ್ತಿಕೊಂಡವರಲ್ಲಿ ಅಂಶು ಗುಪ್ತಾ 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆಯೂ ಒಂದು. 2015ರಲ್ಲಿ ಗುಪ್ತಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಂದ ಬಟ್ಟೆಯನ್ನು ಉಡುವಂಥದ್ದು, ಹೊಲಿಗೆಗೆ ಆಗುವಂಥದ್ದು, ಹೆಂಗಸರ ಮುಟ್ಟಿನ ಬಟ್ಟೆಗೆ ಒದಗುವ ಹತ್ತಿ, ಸುಜನಿ ಎಂಬ ಕೌದಿಯಂಥ ಹೊದಿಕೆಗೆ ಸೇರುವ ತುಂಡು ಎಂದು ಬಿಡಿಸುವ ದುಡಿಮೆಯ ಮೇಲೆಯೇ ಗೂಂಜ್ ನಿಂತಿದೆ. ಕೊಡುವವರ ಔದಾರ್ಯಕ್ಕಿಂತ ವಿಂಗಡಿಸುವವರ ಶ್ರಮ ದೊಡ್ಡದು ಎಂಬುದನ್ನು ಆ ಅನುಭವ ಸಾಬೀತುಮಾಡಿದೆ. ಹಾಗಾಗಿ ಲಕ್ಕವಳ್ಳಿಯ ಗಂಟಿಗೂ ಒಂದು ಕಟ್ಟುಪಾಡು ಬೇಕು. ಒಗೆಯದ ಬಟ್ಟೆ ಬೇಡ, ಗುಂಡಿ ಜಿಪ್ಪು ತೆಗೆಯದ್ದು ಬೇಡ, ತಂದವರೇ ಕೂತು ವಿಂಗಡಿಸಿ ಹೋಗಬೇಕು. ತಂದವರು ವಿಂಗಡಣೆಗೆ ಕೂತರೆ ಕಸ ತರುವುದು ತಾನಾಗಿ ನಿಲ್ಲುತ್ತದೆ.

ಕೊನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುತ್ತದೆ. ಕೌದಿ ಬಡತನದ ಹೊದಿಕೆಯಾಗಿತ್ತು. ಕಂಬಳಿ ಕೊಳ್ಳಲಾಗದ ಮನೆಯ ಹೆಂಗಸು ಹಗಲು ಕೂಲಿ ಮಾಡಿ ರಾತ್ರಿ ಬುಡ್ಡಿ ಬೆಳಕಿನಲ್ಲಿ ಹೊಲಿದದ್ದು. ಅದನ್ನೀಗ ಕಲೆ, ಪರಂಪರೆ, ಗೆಳೆತನ ಎಂದು ಹೊಗಳಿ ಮತ್ತೆ ಅವಳ ಮಧ್ಯಾಹ್ನವನ್ನು ಸಂಬಳವಿಲ್ಲದೆ ಕಸಿದುಕೊಳ್ಳುವುದು ಸರಿಯೇ? ಸರಿಯಲ್ಲ. ಗೀಸ್ ಬೆಂಡ್‌ನ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್, ನ್ಯೂಯಾರ್ಕ್ ಸಂಗ್ರಹಾಲಯಗಳಲ್ಲಿ ಮೆರೆದವು, 2006ರಲ್ಲಿ ಅಮೆರಿಕದ ಅಂಚೆಚೀಟಿಯಾದವು. ಮರುವರ್ಷವೇ ಹೊಲಿದವರಲ್ಲಿ ಕೆಲವರು ತಮಗೆ ಬರಬೇಕಾದ ಪಾಲು ಬಂದಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು, 2008ರಲ್ಲಿ ರಾಜಿಯಾಯಿತು. ಕೂಡಿ ಹೊಲಿದದ್ದರ ಹಣ ಯಾರದು ಎಂದು ಮೊದಲೇ ತೀರ್ಮಾನವಾಗದಿದ್ದರೆ ಗೆಳೆತನವೇ ಹರಿಯುತ್ತದೆ. ನಮ್ಮಲ್ಲೂ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ, ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ವೇಳೆ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರ 1755 ಕೃತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆ ಸಾಧನೆಯ ಹಿಂದೆ ಕೇಂದ್ರದ ಹಲವು ದಶಕಗಳ ಸಂಘಟನೆ ಇದೆ. ಬಟ್ಟೆ ಒಂದೆಡೆಯಿಂದ ಬರುತ್ತದೆ, ಹೊಲಿಗೆ ಹಲವೆಡೆ ನಡೆಯುತ್ತದೆ, ಮಾರಾಟದ ಹೊಣೆ ಹೊರಲು ಒಂದು ಸಂಸ್ಥೆ ಇರುತ್ತದೆ.

ಲಕ್ಕವಳ್ಳಿಗೆ ಅಷ್ಟು ದೊಡ್ಡ ಸಂಸ್ಥೆ ಮೊದಲ ದಿನವೇ ಬೇಕಾಗಿಲ್ಲ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದಂದಿನಿಂದ ನಮ್ಮ ಹಳ್ಳಿಗಳ ಹೆಂಗಸರಿಗೆ ವಾರಕ್ಕೊಮ್ಮೆ ಸೇರುವುದು, ಪುಸ್ತಕದಲ್ಲಿ ಉಳಿತಾಯ ಬರೆಯುವುದು, ಸಾಲದ ಕಂತು ಲೆಕ್ಕ ಹಾಕುವುದು ರೂಢಿಯಾಗಿದೆ. ಅದೇ ಪುಸ್ತಕದಲ್ಲಿ ಇನ್ನು ಮೂರು ಅಂಕಣ ಗೆರೆ ಎಳೆದರೆ ಸಾಕು: ಯಾರು ಎಷ್ಟು ತೂಕದ ಬಟ್ಟೆ ತಂದರು, ಯಾರು ಎಷ್ಟು ಗಂಟೆ ಹೊಲಿದರು, ಆ ಕೌದಿ ಯಾರ ಮನೆಗೆ ಹೋಯಿತು ಅಥವಾ ಎಷ್ಟಕ್ಕೆ ಮಾರಾಟವಾಯಿತು. ಮನೆ ಬಳಕೆಯ ಕೌದಿಗೆ ಮುಯ್ಯಿಯ ಪದ್ಧತಿ ಒಪ್ಪುತ್ತದೆ, ಗದ್ದೆ ನಾಟಿಯಲ್ಲಿ ಮಾಡುವಂತೆ ಈ ವಾರ ಅವಳದು, ಮುಂದಿನ ವಾರ ಇವಳದು. ಮಾರುವ ಕೌದಿಯಲ್ಲಿ ಗಂಟೆಗೆ ಇಷ್ಟೆಂದು ಕೂಲಿಯನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಬಟ್ಟೆ ಕೊಟ್ಟವರ ಪಾಲು, ದಾರ ಸೂಜಿಯ ಖರ್ಚು ನೋಡಬೇಕು. ಗಂಟೆಗಳನ್ನು ಬರೆದಿಡಲು ಹೆಂಗಸರು ಮೊದಮೊದಲು ಸಂಕೋಚಪಡುತ್ತಾರೆ, ಗೆಳತಿಯರ ನಡುವೆ ಲೆಕ್ಕವೇಕೆ ಎನ್ನುತ್ತಾರೆ. ಹಾಗೆ ಅಂದವರ ಹೆಸರಿನ ಮುಂದೆಯೂ ಗಂಟೆ ಬರೆಯಬೇಕು, ಅವರ ಹಣವನ್ನೂ ಉಳಿದವರ ಹಣದ ಜೊತೆಗೇ ಅದೇ ದಿನ ಕೊಡಬೇಕು.